ಕೆನ್ನೆಗೆ ಇಳಿದ ಮದ್ದು

"ಕೆಂಪು ನಿಂತದ್ದು ಯಾವಾಗ?"

ಝುಬೈದಾ ಇದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದಳು. ಬೆಳ್ಳಾರೆಯ ಆ ಮನೆಯ ಜಗಲಿಯಲ್ಲಿ ಇಬ್ಬರಿದ್ದರು. ಅತ್ತೆ ದುಗ್ಗಮ್ಮ ವೀಳ್ಯದೆಲೆಯ ನಾರು ತೆಗೆಯುತ್ತಿದ್ದಳು. ಆಸ್ಪತ್ರೆಗೆ ಒಯ್ಯುವ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ ಸೊಸೆ ದೀಕ್ಷಿತಾ ಕೈ ನಿಲ್ಲಿಸಿದಳು.

"ದೀಪಾವಳಿ ಕಳೆದ ಮೇಲೆ," ಎಂದಳು ದೀಕ್ಷಿತಾ. "ಮೊದಲೆಲ್ಲ ಸೂಜಿ ಹಾಕಿದ ಮರುದಿನ ಬೆಳಿಗ್ಗೆ ಮೂತ್ರ ಕೆಂಪು ಬರ್ತಿತ್ತು ಮೇಡಂ, ಪುನರ್ಪುಳಿ ಶರಬತ್ತಿನ ಹಾಗೆ. ಆಮೇಲೆ ತಿಳಿಯಾಯ್ತು."

"ಡಾಕ್ಟ್ರಿಗೆ ಹೇಳಿದ್ರಾ?"

"ಹೇಳ್ಲಿಕ್ಕೆ ಎಂತ ಉಂಟು ಅದರಲ್ಲಿ?" ದುಗ್ಗಮ್ಮ ನಡುವೆ ಬಾಯಿ ಹಾಕಿದಳು. "ಒಳ್ಳೇದಾದದ್ದನ್ನು ಯಾರಾದ್ರೂ ಡಾಕ್ಟ್ರಿಗೆ ಹೇಳ್ಲಿಕ್ಕೆ ಹೋಗ್ತಾರಾ? ಹರಕೆ ಹೇಳಿಕೊಂಡದ್ದು ನಾನು. ಮಗುವಿನ ಮೈಯಿಂದ ರಕ್ತ ಹೋಗುದು ನಿಲ್ಲಲಿ, ದೈವಕ್ಕೆ ತಂಬಿಲ ಕೊಡ್ತೇನೆ ಅಂತ. ನಿಂತಿತು. ಕೋಳಿ ಕೊಯ್ದು, ನೆಂಟರನ್ನೆಲ್ಲ ಕರೆದು ಊಟ ಹಾಕಿ ಕೊಟ್ಟೆವು. ಈಗ ಅದೂ ತಪ್ಪಾ?"

ಝುಬೈದಾ ನಗಲಿಲ್ಲ. ನಗುವಂತಿದ್ದರೆ ಅದು ಈ ಪ್ರಕರಣದಲ್ಲಿ ಸಿಕ್ಕ ಮೊದಲ ನಗುವಾಗುತ್ತಿತ್ತು.

ದೀಕ್ಷಿತಾಳ ಮಗಳು ಯಶಸ್ವಿಗೆ ಹತ್ತೊಂಬತ್ತು ವರ್ಷ. ಪುತ್ತೂರಿನ ಕಾಲೇಜಿನಲ್ಲಿ ಪದವಿ ಓದುತ್ತಿದ್ದವಳು. ಹುಟ್ಟಿನಿಂದ ಥಲಸೇಮಿಯಾ. ಅವಳ ಮೈ ಸ್ವಂತ ರಕ್ತವನ್ನು ಕಟ್ಟಿಕೊಳ್ಳಲಾರದು. ತಿಂಗಳು ತಿಂಗಳೂ ಯಾರದೋ ರಕ್ತ ಏರಿಸಬೇಕು. ಹಾಗೆ ಏರಿಸಿದ ರಕ್ತದೊಡನೆ ಕಬ್ಬಿಣವೂ ಬರುತ್ತದೆ, ಬಂದದ್ದು ತಾನಾಗಿ ಹೋಗುವುದಿಲ್ಲ, ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ಕುಳಿತು ಅವನ್ನು ತುಕ್ಕು ಹಿಡಿಸುತ್ತದೆ. ಅದನ್ನು ಹಿಡಿದು ಹೊರಗೆ ಹಾಕುವುದು ಡೆಫರಾಕ್ಸಮಿನ್ ಎಂಬ ಮದ್ದು. ಮಾತ್ರೆಗಳು ಅವಳ ಮೂತ್ರಪಿಂಡಕ್ಕೆ ಹಿಡಿಸದೆ ಹೋದುದರಿಂದ ಈ ಸೂಜಿಯೇ ಗತಿಯಾಗಿತ್ತು. ಪುಡಿಯನ್ನು ನೀರಿನಲ್ಲಿ ಕರಗಿಸಿ, ಸಣ್ಣ ಪಂಪಿಗೆ ಜೋಡಿಸಿ, ಮಲಗುವ ಮುನ್ನ ಹೊಟ್ಟೆಯ ಚರ್ಮದಡಿಗೆ ಚುಚ್ಚುವ ಕೆಲಸ ತಾಯಿಯದು. ಕಬ್ಬಿಣ ಹೊರಬೀಳುತ್ತಿದೆ ಎಂಬುದಕ್ಕೆ ಇದ್ದ ಗುರುತು ಆ ಕೆಂಪು.

ಆ ಕೆಂಪನ್ನು ಅಜ್ಜಿ ರಕ್ತವೆಂದು ತಿಳಿದಿದ್ದಳು. ಮದ್ದು ಮೈ ಸೇರುವುದು ನಿಂತ ದಿನ ಆ ಮನೆಯವರು ದೈವದ ಮುಂದೆ ಕೈ ಮುಗಿದು ನಿಂತಿದ್ದರು.

ಈಗ ಹುಡುಗಿ ಪುತ್ತೂರಿನ ಆಸ್ಪತ್ರೆಯಲ್ಲಿ. ಹೃದಯದಲ್ಲಿ ಕಬ್ಬಿಣ ತುಂಬಿದೆ, ಮದ್ದು ಹೋಗಿಯೇ ಇಲ್ಲ ಎಂದು ವೈದ್ಯರು ಬರೆದಿದ್ದರು. ಆ ಒಂದು ಸಾಲು ದೀಕ್ಷಿತಾಳ ಕೊರಳಿಗೆ ಸುತ್ತಿಕೊಂಡಿತ್ತು.

"ಮದ್ದು ಕೊಡುವ ಟ್ರಸ್ಟಿನವರು ಇವತ್ತು ಸಂಜೆ ಸಭೆ ಸೇರ್ತಾರೆ," ಎಂದಳು ದೀಕ್ಷಿತಾ. "ಅವರು ಮಾಡಿಸುವ ಅಸ್ಥಿಮಜ್ಜೆ ಕಸಿಯ ಪಟ್ಟಿಯಲ್ಲಿ ಯಶಸ್ವಿಯ ಹೆಸರು ಮೇಲೆ ಬಂದಿತ್ತು ಮೇಡಂ. ರೋಗಿಯೇ ಮದ್ದು ಬಿಟ್ಟದ್ದು ಅಂತಾದ್ರೆ ಹೆಸರು ತೆಗೆದು ಹಾಕ್ತಾರೆ. ಮನೆಯವರ ಉದಾಸೀನ ಅಂತಾದ್ರೆ ಹೆಸರು ಉಳಿಸಿ, ನೋಡಿಕೊಳ್ಳುವವರನ್ನು ಬದಲಾಯಿಸ್ತಾರೆ."

"ಬದಲಾಯಿಸ್ಲೇ ಬೇಕು," ಎಂದಳು ದುಗ್ಗಮ್ಮ. "ಚುಚ್ಚಿದ್ದೇನೆ ಚುಚ್ಚಿದ್ದೇನೆ ಅಂತ ಹೇಳುದು, ಮೊಬೈಲ್ ಹಿಡ್ಕೊಂಡು ನಿದ್ದೆ ಹೋಗುದು. ಅವಳ ತಪ್ಪು ಅಂತ ಸಭೆಯಲ್ಲಿ ಆಗ್ಲಿ, ಮಗಳ ಹತ್ತಿರ ಸುಳಿಯಲಿಕ್ಕೆ ಬಿಡುದಿಲ್ಲ ನಾನು. ಈ ಮೆಟ್ಟಲೂ ಹತ್ತುದು ಬೇಡ."

"ಅತ್ತೆ, ದೇವರಾಣೆಗೂ ಒಂದು ದಿನ ತಪ್ಪಿಸ್ಲಿಲ್ಲ ನಾನು."

"ದೇವರ ಆಣೆ ಸಸಾರ. ಅವನು ಸಾಕ್ಷಿ ಹೇಳ್ಲಿಕ್ಕೆ ಬರುದಿಲ್ಲ ನೋಡು."

ಝುಬೈದಾ ಎದ್ದು ನಿಂತಳು. ಸುಳ್ಯದ ಠಾಣೆಯಲ್ಲಿ ಎ.ಎಸ್.ಐ. ಆಗಿದ್ದು, ಮೇಲಿನವರು ಮುಚ್ಚಲು ಹೇಳಿದ ಕಡತವೊಂದನ್ನು ಮುಚ್ಚಲೊಲ್ಲದೆ ಇಲಾಖೆಯನ್ನೇ ಬಿಟ್ಟು ಬಂದವಳು ಅವಳು. ಈಗ ಖಾಸಗಿಯಾಗಿ ವಿಚಾರಣೆ ನಡೆಸುವ ಅವಳನ್ನು ಕರೆಸಿದವಳು ದೀಕ್ಷಿತಾ. ಅತ್ತೆ ಸೊಸೆಯರ ಜಗಳದಲ್ಲಿ ಸತ್ಯ ಯಾರ ಬಾಯಿಯಲ್ಲಿಯೂ ಇರುವುದಿಲ್ಲ, ಅಡುಗೆಮನೆಯಲ್ಲಿರುತ್ತದೆ ಎಂಬುದು ಠಾಣೆ ಕಲಿಸಿದ ಪಾಠ.

"ಉಳಿದ ಮದ್ದು ಎಲ್ಲಿ ಉಂಟು?"

ದೀಕ್ಷಿತಾ ಗೋಡೆ ಕಪಾಟಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ತಂದಳು. ಸಾಲಾಗಿ ಗಾಜಿನ ಪುಟ್ಟ ಬಾಟಲಿಗಳು, ಒಳಗೆ ಬಿಳಿಯ ಪುಡಿ, ಹೊರಗೆ ಮದ್ದಿನ ಹೆಸರಿನ ಚೀಟಿ. ಹೆಸರಿನ ಕೆಳಗೆ ಟ್ರಸ್ಟಿನ ನೇರಳೆ ಮೊಹರು: 'ಉಚಿತ ವಿತರಣೆಗೆ.'

ಝುಬೈದಾ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಇನ್ನೊಂದನ್ನು. ಮತ್ತೊಂದನ್ನು. ಮೊಹರಿನ ಅಂಚಿನಲ್ಲಿ ಶಾಯಿ ತುಸು ಹರಡಿ ಬೆರಳಚ್ಚಿನಂತಹ ಕಲೆಯೊಂದು ಮೂಡಿತ್ತು. ಪ್ರತಿಯೊಂದು ಬಾಟಲಿಯ ಮೇಲೂ ಅದೇ ಕಲೆ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ.

ಕೈಯಿಂದ ಒತ್ತಿದ ಮೊಹರು ಹಾಗೆ ಪ್ರತಿ ಸಲವೂ ಒಂದೇ ರೀತಿ ಹರಡುವುದಿಲ್ಲ.

ಅವಳು ನೀರಿನ ಚೊಂಬಿಗೆ ಹೆಬ್ಬೆರಳನ್ನು ಅದ್ದಿ ಚೀಟಿಯ ಮೇಲೆ ಉಜ್ಜಿದಳು. ನೇರಳೆ ಬಣ್ಣ ಬೆರಳಿಗೆ ಬಂತು. ಉಗುರಿನಿಂದ ಕೆರೆದಳು. ಚೀಟಿಯ ಕೆಳಗೆ ಮತ್ತೊಂದು ಚೀಟಿ. ಅದರ ಮೇಲೆ ಮತ್ತೊಂದು ಹೆಸರು.

ಗಾಯ ಕೊಳೆಯದಂತೆ ಕೊಡುವ ಸಾಮಾನ್ಯ ಆ್ಯಂಟಿಬಯಾಟಿಕ್ ಅದು.

ದೀಕ್ಷಿತಾ ಅದನ್ನು ಓದಿದಳು. ಮೊದಲು ಅವಳ ಮುಖದಲ್ಲಿ ಬೆಳಕು ಬಂತು, ಅನಂತರ ಆ ಬೆಳಕು ಅಲ್ಲಿಯೇ ಸತ್ತಿತು. "ಅಂದ್ರೆ, ನಾನು ದಿನಾ ಅವಳಿಗೆ ಚುಚ್ಚಿದ್ದು..."

"ಚುಚ್ಚಿದ್ದು ನೀವು. ಚೀಟಿ ಬದಲಿಸಿದ್ದು ಬೇರೆ ಯಾರೋ," ಎಂದಳು ಝುಬೈದಾ. "ಪೆಟ್ಟಿಗೆ ತಂದು ಕೊಡುದು ಯಾರು?"

"ರೂಪೇಶ. ಕಡಬದವ. ಟ್ರಸ್ಟಿನ ಮದ್ದು ಸುಳ್ಯ, ಕಡಬ, ಎಲ್ಲ ಕಡೆ ಬೈಕಿನಲ್ಲಿ ಮುಟ್ಟಿಸುದು ಅವನೇ. ಖಾಲಿ ಬಾಟ್ಲಿ ವಾಪಸು ತಗೊಂಡು ಹೋಗ್ತಾನೆ."

"ಅವನೇ ಇರ್ಬೇಕು!" ದುಗ್ಗಮ್ಮ ಒಮ್ಮೆಲೇ ಪಕ್ಷ ಬದಲಿಸಿದಳು. "ನಾನು ಅವತ್ತೇ ಹೇಳಿದ್ದೆ. ಅವನಿಗೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡ್ಲಿಕ್ಕೆ ಬರುದಿಲ್ಲ."

"ನೀವು ಯಾವತ್ತು ಹೇಳಿದ್ದು ಅತ್ತೆ?" ಎಂದಳು ದೀಕ್ಷಿತಾ. ದುಗ್ಗಮ್ಮ ವೀಳ್ಯದೆಲೆಯನ್ನು ಮಡಚಿ ಬಾಯಿಗಿಟ್ಟಳು.

ಝುಬೈದಾ ಬಾಟಲಿಯ ಫೋಟೋ ತೆಗೆದು, ಪುತ್ತೂರಿನ ಆಸ್ಪತ್ರೆ, ಕ್ಲಿನಿಕ್ಕುಗಳ ಕಸ ಒಯ್ಯುವ ವಾಹನದ ಚಾಲಕ ಅಸ್ಕರನಿಗೆ ಕಳುಹಿಸಿದಳು. ಕಳವಾದ ಮದ್ದು ಎಲ್ಲಿಯಾದರೂ ಖಾಲಿಯಾಗಲೇಬೇಕು. ಖಾಲಿಯಾದ ಬಾಟಲಿ ಎಲ್ಲಿಯಾದರೂ ಬೀಳಲೇಬೇಕು.

ಕೆರೆದ ಬಾಟಲಿಯನ್ನು ಝುಬೈದಾಳಿಗೆ ಬಿಟ್ಟು, ಉಳಿದವುಗಳ ಪೆಟ್ಟಿಗೆ ಎತ್ತಿಕೊಂಡು ದೀಕ್ಷಿತಾ ಆಸ್ಪತ್ರೆಗೆಂದು ಹೊರಟಳು. "ಸಭೆಯಲ್ಲಿ ನನ್ನ ಮಾತು ಯಾರೂ ಕೇಳುದಿಲ್ಲ ಮೇಡಂ. ನಾನು ಫೋನ್ ಮಾಡ್ತೇನೆ. ಯಾರು ಮಾಡಿದ್ದು ಅಂತ ನೀವೇ ಹೇಳ್ಬೇಕು."

"ಹೇಳ್ತೇನೆ," ಎಂದಳು ಝುಬೈದಾ. ಇಷ್ಟು ಸುಲಭವಾಗಿ ಕೊಟ್ಟ ಮಾತುಗಳೇ ಮುಂದೆ ಮನುಷ್ಯನ ಕುತ್ತಿಗೆ ಹಿಡಿಯುತ್ತವೆ.

*

ಅಸ್ಕರನ ಕರೆ ಬಂದಾಗ ಝುಬೈದಾ ಕುಳಿತಿದ್ದ ಬಸ್ಸು ಪುತ್ತೂರು ಪೇಟೆಯನ್ನು ಹೊಕ್ಕಿತ್ತು.

"ಝುಬೈದತ್ತಾ, ನಿಮ್ಮ ದೆಸೆಯಿಂದ ಮೊಬೈಲಿನ ಫೋಟೋ ನೋಡಿಕೊಂಡು ಕಸ ಹುಡುಕುದಾಯ್ತು. ನೋಡಿದವರು, ಅಸ್ಕರನಿಗೆ ಹೆಣ್ಣು ಇಲ್ಲಿಯೂ ಸಿಗ್ಲಿಲ್ಲವಾ ಅಂತ ಕೇಳ್ತಾರೆ."

"ನಿನಗೆ ಹೆಣ್ಣು ನಾನು ಹುಡುಕ್ತೇನೆ. ಬಾಟ್ಲಿ ಸಿಕ್ಕಿತಾ ಹೇಳು."

"ಸಿಕ್ಕದೆ? ನೇರಳೆ ಮೊಹರಿನದ್ದು, ಒಂದಲ್ಲ, ನಾಲ್ಕೈದು. ದರ್ಬೆಯಲ್ಲಿ ಉಂಟಲ್ಲ, ಮುಖ ಚಂದ ಮಾಡುವ ಕ್ಲಿನಿಕ್ಕು? ಅದರ ಡಬ್ಬದಲ್ಲಿ."

ಡಾಕ್ಟರ್ ಮುರಳಿಕೃಷ್ಣನ ಕ್ಲಿನಿಕ್ಕು ದರ್ಬೆಯ ಮುಖ್ಯರಸ್ತೆಯ ಹೊಸ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿತ್ತು. ಗೋಡೆಗಳ ತುಂಬ ಜೋಡಿ ಚಿತ್ರಗಳು: ಎಡಕ್ಕೆ ಬಾಡಿದ ಮುಖ, ಬಲಕ್ಕೆ ತುಂಬಿದ ಮುಖ. ಮದುವೆಯ ಋತು ಹತ್ತಿರವಾಗಿತ್ತು, ಕುರ್ಚಿಗಳು ಭರ್ತಿಯಾಗಿದ್ದವು.

ಸ್ವಾಗತದ ಮೇಜಿನಲ್ಲಿದ್ದ ಪ್ರೀತಿಕಾ ಎಂಬ ಹುಡುಗಿ ಝುಬೈದಾಳ ಮುಖವನ್ನು ವೃತ್ತಿಯ ಕಣ್ಣಿನಿಂದ ಅಳೆದಳು. "ಕೆನ್ನೆಗಾ ಮೇಡಂ, ಕಣ್ಣಿನ ಕೆಳಗಿಗಾ?"

"ನನ್ನದೆಲ್ಲ ಸುಮ್ಮನೆ ಬಿಡು ಮಗಳೇ, ಅದು ಇನ್ನು ಮಣ್ಣಿಗೆ. ಡಾಕ್ಟ್ರನ್ನು ನೋಡ್ಬೇಕು."

ಮುರಳಿಕೃಷ್ಣ ಎದ್ದು ನಿಂತು ಸ್ವಾಗತಿಸಿದ. ನಲವತ್ತರ ಆಸುಪಾಸು, ಕಡಮೆ ಮಾತಿನ, ಮೆಲುದನಿಯ, ಅಂದವಾದ ಕೈಗಳ ಮನುಷ್ಯ. ಝುಬೈದಾ ಅಸ್ಕರನಿಂದ ಪಡೆದ ಖಾಲಿ ಬಾಟಲಿಯನ್ನು ಮೇಜಿನ ಮೇಲೆ ನಿಲ್ಲಿಸಿದಳು.

"ಇದು ನಿಮ್ಮ ಕಸದಲ್ಲಿ ಎಂತ ಮಾಡುದು ಡಾಕ್ಟ್ರೇ?"

ಅವನು ಅದನ್ನು ನೋಡಿದ. ಮುಟ್ಟಲಿಲ್ಲ. "ಡೆಫರಾಕ್ಸಮಿನ್. ಕೊಬ್ಬಿನ ಕಸಿಯಲ್ಲಿ ಉಪಯೋಗಿಸ್ತೇನೆ."

"ನಂಗೆ ಅರ್ಥ ಆಗುವ ಹಾಗೆ ಹೇಳಿ."

"ತೊಡೆಯಿಂದಲೋ ಹೊಟ್ಟೆಯಿಂದಲೋ ಕೊಬ್ಬು ಎಳೆದು, ತೊಳೆದು, ಕೆನ್ನೆಗೆ ತುಂಬುದು. ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟ ಹಾಗೆ ಅದು. ಹೊಸ ಜಾಗದಲ್ಲಿ ಬೇರು ಹಿಡಿಯುವ ತನಕ ನೀರು ಸಿಗಬೇಕಲ್ಲ? ಕೊಬ್ಬಿಗೆ ರಕ್ತ ಸಿಗಬೇಕು. ಸಿಗದಿದ್ರೆ ಸಾಯ್ತದೆ, ಕರಗ್ತದೆ. ತುಂಬಿದ್ದರಲ್ಲಿ ಅರ್ಧದಷ್ಟು ಹಾಗೇ ಹೋಗುದುಂಟು. ಈ ಮದ್ದು ಸುತ್ತ ಹೊಸ ರಕ್ತನಾಳ ಹುಟ್ಟಿಸ್ತದೆ. ಕೊಬ್ಬು ಹೆಚ್ಚು ಉಳೀತದೆ."

"ಇದು ಎಲ್ಲ ಕಡೆ ಮಾಡುವ ಪದ್ಧತಿಯಾ?"

ಅವನು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದ. "ಪ್ರಯೋಗಗಳು ನಡೀತಾ ಉಂಟು. ಇಲಿಗಳಲ್ಲಿ ಒಳ್ಳೆ ಫಲ ಬಂದಿದೆ."

"ಹೊರಗೆ ಕೂತಿದ್ದಾವಲ್ಲ ಇಲಿಗಳು, ಅವಕ್ಕೆ ಗೊತ್ತುಂಟಾ?"

ಮುರಳಿಕೃಷ್ಣನ ಮುಖ ಬಿಗಿಯಿತು. "ಕರಗಿದ ಕೆನ್ನೆ ಹಿಡ್ಕೊಂಡು ವಾಪಸು ಬಂದವರ ಎದುರು ನೀವು ಕೂತ್ಕೊಂಡಿಲ್ಲ. ಮದುವೆಗೆ ತುಂಬಿದ ಮುಖ ಸೀಮಂತಕ್ಕೆ ಬಾಡಿದ್ರೆ ಊರೆಲ್ಲ ನನ್ನ ಹೆಸರು ಹೇಳ್ತದೆ. ನಾನು ಯಾರಿಗೂ ವಿಷ ಕೊಡ್ಲಿಲ್ಲ."

"ಕೊಡ್ಲಿಲ್ಲ. ಒಬ್ಬಳ ಮದ್ದು ಕಿತ್ಕೊಂಡಿರಿ. ಆ ಹುಡುಗಿ ಹೃದಯದಲ್ಲಿ ಕಬ್ಬಿಣ ತುಂಬಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ನಿಮಗೆ ಬೇಕಾದ್ರೆ ಅಂಗಡಿಯಿಂದ ತರಿಸ್ಬಹುದಿತ್ತಲ್ಲ?"

"ಈ ಮದ್ದಿಗೆ ಯಾವಾಗಲೂ ಬರಗಾಲ. ಚರ್ಮ ಕೊಯ್ಯುವವನಿಗೆ ಇದು ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಬರೆದು ಕೊಡ್ಬೇಕು."

"ಅದಕ್ಕೆ ಕಡಬದ ರೂಪೇಶನನ್ನು ಹಿಡಿದಿರಿ."

"ರೂಪೇಶ?" ವೈದ್ಯನ ಹುಬ್ಬು ಮೇಲೇರಿತು. ಅದು ನಟನೆಯಲ್ಲ, ಠಾಣೆಯಲ್ಲಿ ಸಾವಿರ ಹುಬ್ಬುಗಳನ್ನು ಕಂಡಿದ್ದ ಝುಬೈದಾಳಿಗೆ ಅದು ತಿಳಿಯಿತು. "ಯಾರು ಅದು? ಓ. ನಿಮಗೆ ಗೊತ್ತಿಲ್ಲವಾ ಹಾಗಾದ್ರೆ."

ಅವನು ಗಣಕಯಂತ್ರದ ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

ಮೂರು ಚಿತ್ರಗಳಿದ್ದವು, ಎದುರಿನಿಂದ, ಎಡದಿಂದ, ಬಲದಿಂದ. ಹಣೆ ಮುಂದೆ ಚಾಚಿದ, ಕೆನ್ನೆಮೂಳೆ ಎದ್ದು ನಿಂತ, ಕಣ್ಣಿನ ಪಕ್ಕದ ಭಾಗ ಒಳಗೆ ಕುಸಿದ ಒಂದು ಮುಖ. ಮೂಳೆಯೊಳಗಿನ ಮಜ್ಜೆ ರಕ್ತಕ್ಕಾಗಿ ಒದ್ದಾಡಿ ಉಬ್ಬಿದಾಗ ಮುಖ ಹಾಗಾಗುತ್ತದೆ. ತುಂಬಬೇಕಾದ ಕುಳಿಗಳ ಸುತ್ತ ಪೆನ್ನಿನಿಂದ ಗೆರೆ ಎಳೆದಿತ್ತು. ಇಂತಹ ಚಿತ್ರಗಳಲ್ಲಿ ನಗಬಾರದೆಂದು ಹೇಳುತ್ತಾರೆ. ಆದರೂ ಯಶಸ್ವಿ ನಗುತ್ತಿದ್ದಳು.

ಝುಬೈದಾ ಪರದೆಯ ಕಡೆಗೆ ಬಾಗಿದಳು.

"ಕಾಲೇಜು ಬಿಟ್ಟ ಮೇಲೆ ಬರ್ತಿದ್ದಳು," ಎಂದ ಮುರಳಿಕೃಷ್ಣ. "ಈ ಗುಂಡಿ ತುಂಬಿಸಿ ಕೊಡ್ತೀರಾ ಅಂತ ಕೇಳಿದಳು. ಕ್ಲಾಸಿನಲ್ಲಿ ಯಾರೋ ಮಂಗನ ಚಿತ್ರಕ್ಕೆ ಅವಳ ಹೆಸರು ಬರೆದು ಎಲ್ಲರಿಗೂ ಕಳಿಸಿದ್ರಂತೆ. ಕಾಯಿಲೆಯ ಬಗ್ಗೆ ಕೇಳಿದೆ. ಮದ್ದಿನ ಹೆಸರು ಹೇಳಿದಳು. ಮನೆಯಲ್ಲಿ ಹೆಚ್ಚಾದದ್ದು ಉಂಟು, ತಂದು ಕೊಡ್ತೇನೆ ಅಂತ ಅವಳೇ ಹೇಳಿದ್ದು. ನಾನು ಕೇಳ್ಲಿಲ್ಲ."

"ಹೆಚ್ಚಾದದ್ದು."

"ಹಾಗೆ ಹೇಳಿದಳು. ನಾನು ನಂಬಿದೆ."

ಝುಬೈದಾ ಎದ್ದು ಗೋಡೆಯ ಗಾಜಿನ ಕಪಾಟಿನ ಹತ್ತಿರ ಹೋದಳು. ಶಸ್ತ್ರಕ್ರಿಯೆಗೆ ಬೇಕಾದ ಸಾಮಾನುಗಳ ನಡುವೆ ಆ್ಯಂಟಿಬಯಾಟಿಕ್ ಬಾಟಲಿಗಳು ನಿಂತಿದ್ದವು. ಒಂದನ್ನು ತೆಗೆದಳು. ಬೆಳ್ಳಾರೆಯಿಂದ ತಂದ, ಅರ್ಧ ಕೆರೆದ ಬಾಟಲಿಯನ್ನು ಚೀಲದಿಂದ ಹೊರತೆಗೆದು ಅದರ ಪಕ್ಕದಲ್ಲಿ ಇಟ್ಟಳು. ಅದೇ ಕಂಪೆನಿ. ಅದೇ ಬ್ಯಾಚು.

"ಹೆಚ್ಚಾದದ್ದನ್ನು ಕೊಟ್ಟವಳಿಗೆ ಬದಲಿ ಬಾಟ್ಲಿ ಯಾಕೆ ಕೊಟ್ಟದ್ದು ಡಾಕ್ಟ್ರೇ?"

ಮುರಳಿಕೃಷ್ಣನ ಅಂದವಾದ ಕೈಗಳು ಮೇಜಿನ ಮೇಲಿಂದ ಕೆಳಗೆ ಇಳಿದವು.

"ಟ್ರಸ್ಟಿನವರಿಗೆ ಖಾಲಿ ಬಾಟ್ಲಿ ತೋರಿಸ್ಬೇಕು, ಅಮ್ಮನಿಗೆ ಪುಡಿ ಕಾಣ್ಬೇಕು ಅಂತ ಹೇಳಿದಳು," ಎಂದ ಕೊನೆಗೆ. "ಚೀಟಿ ಅವಳೇ ಎಲ್ಲಿಯೋ ಅಚ್ಚು ಹಾಕಿಸಿದ್ದು. ಇದನ್ನೆಲ್ಲ ನೀವು ಸಾಬೀತು ಮಾಡ್ಲಿಕ್ಕೆ ಆಗುದಿಲ್ಲ."

"ಅವಳ ಶಸ್ತ್ರಕ್ರಿಯೆ ಯಾವಾಗ ಇಟ್ಟಿದ್ರಿ?"

ಅವನು ಬಾಗಿಲಿನ ಕಡೆಗೆ ನೋಡಿದ.

"ಇಟ್ಟಿದ್ರಾ?"

"ಆ ರಕ್ತದಲ್ಲಿ, ಆ ಹೃದಯ ಇಟ್ಕೊಂಡು ಯಾರು ಸೂಜಿ ಹಿಡೀತಾರೆ ಮಾರಾಯ್ರೆ? ಮೇಜಿನ ಮೇಲೆಯೇ ಹೋದ್ರೆ ಯಾರ ಹೆಸರು ಹಾಳಾಗುದು? ಸ್ವಲ್ಪ ಸುಧಾರಿಸಲಿ, ನೋಡುವ ಅಂತ ಹೇಳ್ತಾ ಬಂದೆ."

ಸುಧಾರಿಸುವ ಮದ್ದನ್ನು ಅವಳಿಂದಲೇ ಪಡೆದುಕೊಂಡು, ಸುಧಾರಿಸಲಿ ಎಂದು ಕಾಯಿಸಿದ್ದ. ಎಂದಿಗೂ ಕೊಡಲಾಗದ ಮುಖವೊಂದನ್ನು ತೋರಿಸಿ, ಅವಳ ಹೃದಯವನ್ನು ಹನಿಹನಿಯಾಗಿ ಇತರರ ಕೆನ್ನೆಗಳಿಗೆ ತುಂಬಿಸಿದ್ದ. ಹೊರಗೆ ಗೋಡೆಯ ಮೇಲೆ ಬಲಬದಿಯ ಮುಖಗಳೆಲ್ಲ ಹೊಳೆಯುತ್ತಿದ್ದವು.

"ಈಗ ನನ್ನ ಜೊತೆ ಬನ್ನಿ. ಟ್ರಸ್ಟಿನ ಸಭೆಯಲ್ಲಿ ಇದನ್ನೇ ಹೇಳಿ."

"ನಾನು ಬರುದಿಲ್ಲ. ನೀವು ಹೇಳಿ, ಧೈರ್ಯ ಇದ್ರೆ." ಅವನ ದನಿ ಮತ್ತೆ ಮೆದುವಾಗಿತ್ತು, ತಪ್ಪಿಸಿಕೊಳ್ಳುವ ದಾರಿಯನ್ನು ಕಂಡವನ ಮೆದು ಅದು. "ಟ್ರಸ್ಟಿನ ನಿಯಮ ನಂಗೂ ಗೊತ್ತುಂಟು, ಅವಳೇ ಹೇಳಿದ್ದು. ರೋಗಿಯೇ ಮದ್ದು ಬಿಟ್ರೆ ಕಸಿ ಇಲ್ಲ. ತಾಯಿಯನ್ನು ಉಳಿಸಿದ್ರೆ ಮಗಳು ಹೋಗ್ತಾಳೆ. ಮಗಳನ್ನು ಉಳಿಸ್ಬೇಕಾದ್ರೆ ತಾಯಿ ತಪ್ಪು ಒಪ್ಪಿಕೊಳ್ಬೇಕು. ಇಲ್ಲದಿದ್ರೆ ನಿಮ್ಮ ಆ ಕಡಬದವ ಇದ್ದಾನಲ್ಲ, ಎಂತ ಹೆಸರು, ರೂಪೇಶ? ತಪ್ಪು ಹೊರಲಿಕ್ಕೆ ಅವನು ಇದ್ದಾನೆ."

ಝುಬೈದಾಳ ಫೋನು ಮೊಳಗಿತು. ದೀಕ್ಷಿತಾ.

"ಮೇಡಂ, ಸಭೆ ಯಶಸ್ವಿಯ ವಾರ್ಡಿನಲ್ಲೇ ಇಟ್ಟಿದ್ದಾರೆ. ಎಲ್ಲರೂ ಎದುರಿಗೆ ಇದ್ದಾರೆ. ಅತ್ತೆಯೂ ಬಂದಿದ್ದಾರೆ. ಬಾಟ್ಲಿ ತೋರಿಸಿದೆ. ನಕಲಿ ಮದ್ದು ಅಂತ ಒಪ್ಪಿಕೊಂಡ್ರು, ಆದ್ರೆ ಅಸಲಿ ಮದ್ದನ್ನು ನಾನೇ ಮಾರಿರಬಹುದಲ್ಲ ಅಂತ ಕೇಳ್ತಾರೆ. ಸ್ಪೀಕರ್ ಹಾಕಿದ್ದೇನೆ. ಯಾರು ಮಾಡಿದ್ದು ಅಂತ ಹೇಳಿ ಮೇಡಂ."

ಅವಳ ದನಿಯಲ್ಲಿ ಎಷ್ಟೋ ದಿನಗಳ ಅನಂತರ ಮೊದಲ ಬಾರಿಗೆ ಧೈರ್ಯವಿತ್ತು.

"ದೀಕ್ಷಿತಾ, ಸ್ಪೀಕರ್ ತೆಗೀರಿ," ಎಂದಳು ಝುಬೈದಾ.

"ಯಾಕೆ ಮೇಡಂ? ಎಲ್ಲರೂ ಕೇಳ್ಲಿ."

"ಹೇಳಿ ಅಮ್ಮಾ, ನಮಗೂ ಕೇಳ್ತಾ ಉಂಟು," ಎಂಬ ಗಂಭೀರ ಗಂಡುದನಿ ಕೇಳಿಸಿತು. ಟ್ರಸ್ಟಿನ ಅಧ್ಯಕ್ಷರಾದ ಮಹಾಗಣಪತಿ ಭಟ್ಟರು. "ನೀವು ಈಗ ಎಲ್ಲಿದ್ದೀರಿ?"

ಸುಳ್ಳು ಹೇಳಲು ಝುಬೈದಾಳಿಗೆ ಒಂದು ಉಸಿರಿನಷ್ಟು ಸಮಯವಿತ್ತು. ಅವಳು ಅದನ್ನು ಕಳೆದುಕೊಂಡಳು.

"ದರ್ಬೆಯಲ್ಲಿ. ಮುರಳಿಕೃಷ್ಣ ಡಾಕ್ಟ್ರ ಕ್ಲಿನಿಕ್ಕಿನಲ್ಲಿ."

ಆ ತುದಿಯಲ್ಲಿ ಮಂಚವೊಂದು ಕಿರುಗುಟ್ಟಿತು. ಯಾರೋ ಕಷ್ಟಪಟ್ಟು ಎದ್ದು ಕುಳಿತ ಸದ್ದು. ಅನಂತರ ಎಳೆಯ, ಏದುಸಿರಿನ, ಆದರೆ ಸ್ವಲ್ಪವೂ ನಡುಗದ ಒಂದು ದನಿ.

"ಅವರನ್ನು ಎಂತ ಕೇಳುದು? ನಾನೇ ಹೇಳ್ತೇನೆ," ಎಂದಳು ಯಶಸ್ವಿ. "ಮದ್ದು ಮಾರಿದ್ದು ಅಮ್ಮ. ನಾನು ಕಣ್ಣಾರೆ ನೋಡಿದ್ದೇನೆ."

"ನಾನು ಅವತ್ತೇ ಹೇಳಿದ್ದೆ," ಎಂಬ ದುಗ್ಗಮ್ಮನ ಕೂಗು, ಕುರ್ಚಿಗಳು ಸರಿದ ಸದ್ದು, ಅವೆಲ್ಲದರ ಅಡಿಯಲ್ಲಿ ದೀಕ್ಷಿತಾಳದೊಂದು ಮಾತು: "ಮಗಾ..."

ಅಷ್ಟೇ. ಆ ತಾಯಿ ಅಲ್ಲವೆನ್ನಲಿಲ್ಲ. ಮಗಳ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಏನು ಅರ್ಥವಾಯಿತೋ, ಫೋನಿನ ಈ ತುದಿಗೆ ತಿಳಿಯುವಂತಿರಲಿಲ್ಲ.

ಮೇಜಿನ ಆಚೆಯಿಂದ ಮುರಳಿಕೃಷ್ಣ ಪರದೆಯ ಮೇಲಿನ ಮೂರು ಚಿತ್ರಗಳನ್ನು ಒಂದೊಂದಾಗಿ ಅಳಿಸತೊಡಗಿದ. ಎಡದ್ದು ಹೋಯಿತು. ಬಲದ್ದು ಹೋಯಿತು.

"ಝುಬೈದಾ ಅವರೇ," ಮಹಾಗಣಪತಿ ಭಟ್ಟರ ದನಿ ಮತ್ತೆ ಕೇಳಿಸಿತು, "ನೀವು ವಿಚಾರಣೆ ಮಾಡಿದವರು. ಒಂದೇ ಮಾತಿನಲ್ಲಿ ಹೇಳಿ. ಹುಡುಗಿ ಹೇಳುದು ನಿಜವಾ?"

ವೈದ್ಯನ ಬೆರಳು ಕೊನೆಯ ಚಿತ್ರದ ಮೇಲೆ ಬಂದು ನಿಂತಿತು. ಝುಬೈದಾ ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅವನ ಮಣಿಕಟ್ಟನ್ನು ಬಲವಾಗಿ ಹಿಡಿದಳು. ಪರದೆಯ ಮೇಲೆ ನಗುತ್ತಿದ್ದ ಆ ಹುಡುಗಿಯನ್ನೇ ನೋಡುತ್ತ, ಹೌದೆಂದರೆ ತಾಯಿಯನ್ನೂ ಅಲ್ಲವೆಂದರೆ ಮಗಳನ್ನೂ ಕಳೆಯುವ ಆ ಒಂದು ಮಾತಿಗೆ ಬಾಯಿ ತೆರೆದಳು.